ಅತ್ತೆಯವರಿಗಾಗಿ ಕಟ್ಟಿದ ಗಾಡಿ

ಬಂಜಾರ್, ಹಿಮಾಚಲ ಪ್ರದೇಶ
9 ಜೂನ್ 2024

ದಾದಾಪೀರ ಚಾಚಾ ಅವರಿಗೆ ಶಿರಹಟ್ಟಿಯ ಶೈಲಾ ಮಾಡುವ ನಮಸ್ಕಾರಗಳು.

ನನ್ನ ನೆನಪು ನಿಮಗೆ ಇರಲಿಕ್ಕಿಲ್ಲ. ಮೂರು ವರ್ಷದ ಹಿಂದೆ ಊರಿಗೆ ಬಂದಾಗ ಲಕ್ಷ್ಮೇಶ್ವರದಲ್ಲಿ ಶೇಖವ್ವನ ಮಿರ್ಚಿ ಗಾಡಿಯ ಮುಂದೆ ನಿಂತು, ಮಿರ್ಚಿ ತಿನ್ನುವುದನ್ನು ಮರೆತು ಗಾಡಿಯನ್ನೇ ನೋಡುತ್ತಿದ್ದೆ. ಹಿಟ್ಟಿನ ಡಬ್ಬಿ ಕೈಗೆ ಸಿಗುವ ಕಡೆಯೇ ಇತ್ತು. ಎಣ್ಣೆ ಚೆಲ್ಲಬಾರದೆಂದು ಒಲೆಯ ಸುತ್ತ ತಗಡಿನ ಅಂಚು. ಒಂದು ಹಲಗೆ ಮುಚ್ಚಿದರೆ ಗೋಡೆ, ತೆರೆದರೆ ಕಟ್ಟೆ. "ಇದನ್ನ ಯಾರು ಕಟ್ಟ್ಯಾರ?" ಎಂದು ಕೇಳಿದೆ. "ದಾದಾಪೀರ ಚಾಚಾ. ಅವರ ಜೋಡಿ ಮಾತಾಡಬೇಕಂದ್ರ ಒದರಬೇಕ್ರಿ, ಕಿವಿ ಕೇಳಂಗಿಲ್ಲ" ಎಂದಳು ಶೇಖವ್ವ. ನಿಮ್ಮ ಶೆಡ್ಡಿಗೆ ಬಂದು ಒದರಿದೆ. ನೀವು ನಕ್ಕು, "ಅವ್ವಾರ, ಗಂಟಲಾ ಹರಕೋಬ್ಯಾಡ್ರಿ, ಬೇಕಾದ್ದು ಬರದ ಕಳಸ್ರಿ" ಎಂದಿರಿ. ಇಷ್ಟು ತಡವಾಗಿ ಬರೆಯುತ್ತಿದ್ದೇನೆ.

ನಾನು ಇಲ್ಲಿ ತೀರ್ಥನ್ ನದಿಯ ದಂಡೆಯ ಮೇಲೆ ಹದಿನೈದು ವರ್ಷದಿಂದ ಇದ್ದೇನೆ. ಬಂದವರಿಗೆ ಫ್ಲೈ ಫಿಶಿಂಗ್ ಕಲಿಸುವುದು ನನ್ನ ಕೆಲಸ. ಅದೂ ಗಾಳ ಹಾಕುವುದೇ, ಆದರೆ ಎರೆಹುಳ ಇಲ್ಲ. ಸಣ್ಣ ಕೊಕ್ಕೆಗೆ ಗರಿ, ರೇಷ್ಮೆ ದಾರ ಸುತ್ತಿ ನೊಣದ ಹಾಗೆ ಮಾಡಿ, ಉದ್ದ ದಾರವನ್ನು ಬೀಸಿ ನೀರಿನ ಮೇಲೆ ಇಳಿಸುತ್ತೇವೆ. ಮೀನು ನಿಜವಾದ ನೊಣವೆಂದು ನಂಬಿ ಬಾಯಿ ಹಾಕಬೇಕು. ನಂಬಿಸುವುದರಲ್ಲಿಯೇ ಇದರ ಮಜಾ ಇರುವುದು.

ಹುಬ್ಬಳ್ಳಿಯಲ್ಲಿ ಶಾಲೆಗೆ ಓಡುತ್ತಿದ್ದ ಒಂದು ಹಳೆಯ ಟ್ರಾವೆಲರ್ ಗಾಡಿ ಕೊಂಡಿದ್ದೇನೆ. ಅದರೊಳಗೆ ನನಗೊಂದು ಮನೆ ಬೇಕು. ಹೊಳೆ ಹೊಳೆ ತಿರುಗಬೇಕು, ಮೊದಲು ನಮ್ಮ ತುಂಗಭದ್ರೆಗೇ ಹೋಗಬೇಕು. ಮಂಚ, ಒಲೆ, ನೀರಿನ ಟಾಕಿ, ನೊಣ ಕಟ್ಟಲು ಒಂದು ಮೇಜು, ಗಾಳದ ಕೋಲು ಇಡಲು ಜಾಗ. ಬಾಗಿಲು ಅಗಲವಿರಲಿ. ಮೆಟ್ಟಿಲು ಬೇಡ, ಇಳಿಜಾರು ಹಲಗೆ ಮಾಡಿ. ಮಂಚ ತಗ್ಗಿರಲಿ. ಒಳಗೆ ಎಲ್ಲಿ ಕೈ ಚಾಚಿದರೂ ಗಟ್ಟಿ ಹಿಡಿಕೆ ಸಿಗಬೇಕು. ಕೋಲು ತೂಗುಹಾಕುವ ಕೊಕ್ಕೆಗಳು ಕುಳಿತವರ ಕೈಗೆ ಎಟುಕುವಂತಿರಲಿ. ಇದು ನನ್ನ ಹಟ ಎಂದುಕೊಳ್ಳಿ. ಅಂಥ ಮಿರ್ಚಿ ಗಾಡಿ ಕಟ್ಟಿದ ಕೈ ಬಿಟ್ಟು ಬೇರೆಯವರಿಗೆ ಈ ಕೆಲಸ ಕೊಡಲು ನನಗೆ ಮನಸ್ಸಿಲ್ಲ.

ನಿಮ್ಮ
ಶೈಲಾ

*

ಲಕ್ಷ್ಮೇಶ್ವರ
24 ಜೂನ್ 2024

ಶೈಲಾ ಮೇಡಂ ಅವರಿಗೆ ದಾದಾಪೀರನ ಸಲಾಂ.

ನಿಮ್ಮನ್ನು ಮರೆಯುವುದುಂಟೆ? ಮಟಮಟ ಮಧ್ಯಾಹ್ನ ಚಪ್ಪಲಿ ಬಿಟ್ಟು, ನನ್ನ ಶೆಡ್ಡಿನಲ್ಲಿ ನಿಂತಿದ್ದ ಟೆಂಪೋದ ಕಾದ ತಗಡಿನ ಮೇಲೆ ಹತ್ತಿ, ಬೆಸುಗೆ ಹೇಗೆ ಹಾಕಿದ್ದೇನೆಂದು ಬಗ್ಗಿ ನೋಡಿದವರು ನೀವೊಬ್ಬರೇ. ನನ್ನ ಮಗಳು ಯಾಸ್ಮೀನ, "ಅಬ್ಬಾ, ಅವರನ್ನ ಕೆಳಗ ಇಳಸ್ರಿ, ಬಿದ್ದಾರು" ಎಂದಳು. "ಬೀಳೂ ಹೆಣ್ಮಗಳಲ್ಲ ಇಕಿ" ಎಂದು ನಾನು ಹೇಳಿದೆ. ಇಂದಿಗೂ ಯಾರಾದರೂ ಏಣಿ ಹತ್ತಲು ಹಿಂದೆ ಮುಂದೆ ನೋಡಿದರೆ ನಿಮ್ಮ ಹೆಸರು ಹೇಳಿ ಬೈಯುತ್ತೇನೆ.

ಗಾಡಿ ಹುಬ್ಬಳ್ಳಿಯಿಂದ ಬಂದು ನಿಂತಿದೆ. ಇಂಜಿನ್ನು ಒಳ್ಳೆಯದು, ತಳ ಅಲ್ಲಲ್ಲಿ ತುಕ್ಕು ತಿಂದಿದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಬಾಡಿ ಕಟ್ಟುವುದು ನಾನು ಮತ್ತು ಯಾಸ್ಮೀನ ಇಬ್ಬರೇ. ಕುಶನ್ ಹೊಲಿಯುವುದು, ಬಣ್ಣ ಹೊಡೆಯುವುದು, ಗಾಡಿ ಓಡಿಸಿ ನೋಡುವುದು, ಗಿರಾಕಿಗಳ ಮಾತು ನನ್ನ ಕಿವಿಗೆ ಮುಟ್ಟಿಸುವುದು ಎಲ್ಲ ಅವಳದೇ. ಒಂದು ಷರತ್ತು ಮೊದಲೇ ಹೇಳುತ್ತೇನೆ. ಕೆಲಸ ಮುಗಿಯುವ ತನಕ ಫೋಟೋ ಕೇಳಬೇಡಿ. ಅರ್ಧ ಕಟ್ಟಿದ ಗಾಡಿ ನೋಡಿದ ಗಿರಾಕಿ ಉಳಿದರ್ಧಕ್ಕೆ ತಾನೇ ಮೇಸ್ತ್ರಿ ಆಗುತ್ತಾನೆ.

ಇನ್ನು ನಿಮ್ಮ ಹಟದ ಮಾತು. ಮೆಟ್ಟಿಲು ಬೇಡ, ಹಿಡಿಕೆ ಬೇಕು, ಮಂಚ ತಗ್ಗಿರಲಿ ಎಂದು ಓದುತ್ತಿದ್ದಂತೆ ನನಗೆಲ್ಲ ತಿಳಿಯಿತು. ಅತ್ತೆಯವರನ್ನೂ ಕರೆದುಕೊಂಡು ಹೋಗುತ್ತೀರಿ. ಹೇಳಲು ಸಂಕೋಚಪಟ್ಟಿದ್ದೀರಿ ಅಷ್ಟೇ. ಇದರಲ್ಲಿ ಸಂಕೋಚವೇನು ಬಂತು? ನಮ್ಮ ಕಡೆ ಯಾವ ಗಾಡಿ ಊರು ಬಿಟ್ಟರೂ ಮೊದಲ ಸೀಟು ಮನೆಯ ಹಿರಿಯರಿಗೇ. ಮದುವೆಗೆ ಹೊರಟ ಟೆಂಪೋದಲ್ಲಿ ವರ ಜೋತುಬಿದ್ದಾನು, ಅಜ್ಜಿ ಮಾತ್ರ ಡ್ರೈವರ್ ಪಕ್ಕವೇ ಕೂತಿರುತ್ತಾಳೆ. ಆದರೂ ಮೀನು ಹಿಡಿಯಲು ಹೊರಟ ಸೊಸೆ ಅತ್ತೆಗಾಗಿ ಗಾಡಿಯನ್ನೇ ತಗ್ಗಿಸುವುದನ್ನು ನಾನು ಎಲ್ಲಿಯೂ ನೋಡಿಲ್ಲ. ನಿಮ್ಮ ಮೇಲಿನ ಗೌರವ ಹೆಚ್ಚಾಯಿತು.

ಆದ್ದರಿಂದ ಸರಿಯಾಗಿ ಬರೆಯಿರಿ. ಅವರಿಗೆ ಯಾವ ಕಾಲು ಹೆಚ್ಚು ನೋವು? ಎಲೆ ಅಡಿಕೆ ಹಾಕುತ್ತಾರೆಯೇ? ಹಾಕಿದರೆ ಚಂಚಿಗೆ ಒಂದು ಮೊಳೆ ಹೊಡೆಯುತ್ತೇನೆ. ದೇವರ ಫೋಟೋ ಯಾವುದು, ಎಷ್ಟು ದೊಡ್ಡದು? ಸ್ವಭಾವ ಹೇಗೆ? ಸ್ವಭಾವ ತಿಳಿಯದೆ ಹಿಡಿಕೆ ಹಾಕಲಾಗುವುದಿಲ್ಲ.

ಅತ್ತೆಯವರಿಗೆ ನನ್ನ ಸಲಾಂ ತಿಳಿಸಿ.

ದಾದಾಪೀರ

*

ಬಂಜಾರ್
11 ಜುಲೈ 2024
(ಅಂಚೆಗೆ ಹಾಕದ ಪತ್ರ)

ಚಾಚಾ,

ಅತ್ತೆಯವರು ಇಲ್ಲ. ನಾನು ಮದುವೆಯೇ ಆಗಿಲ್ಲ. ಆ ಹಿಡಿಕೆ, ಆ ತಗ್ಗು ಮಂಚ ನನಗೇ ಬೇಕಾದದ್ದು.

ಎರಡು ವರ್ಷದ ಹಿಂದೆ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ಬೆನ್ನು ಮುರಿಯಿತು. ಈಗ ಗಾಲಿ ಕುರ್ಚಿಯಲ್ಲಿದ್ದೇನೆ. ಬಲಗಾಲು ಸ್ವಲ್ಪ ಹೊತ್ತು ನಿಲ್ಲಲು ಬಿಡುತ್ತದೆ, ಎಡಗಾಲು ಅದೂ ಇಲ್ಲ. ಇಲ್ಲಿ ಎಲ್ಲರೂ ಪ್ರೀತಿಯವರೇ. ನೋಡಿ ನೋಡಿ ನಾನು ದುಃಖಪಡಬಾರದೆಂದು ನನ್ನ ಗಾಳದ ಕೋಲುಗಳನ್ನು ಅಟ್ಟದ ಮೇಲೆ ಇಟ್ಟಿದ್ದಾರೆ. ಹೊಳೆಗೆ ಹೋಗೋಣವೆಂದರೆ ನಾಲ್ವರು ಎತ್ತಿಕೊಂಡು ಹೋಗಲು ತಯಾರು. ಎತ್ತಿಸಿಕೊಂಡು ಹೋಗಿ ಮೀನು ಹಿಡಿಯುವುದು ನನ್ನಿಂದ ಆಗುವುದಿಲ್ಲ. ನನ್ನೊಡನೆ ಈಗ ಎಲ್ಲರೂ ಮೆತ್ತಗೆ ಮಾತಾಡುತ್ತಾರೆ. ನನ್ನ ತಪ್ಪನ್ನೂ ಯಾರೂ ತಪ್ಪೆನ್ನುವುದಿಲ್ಲ.

ನನಗೆ ಬೇಕಾಗಿರುವುದು ಇಷ್ಟೇ. ಯಾರ ಕೈಯನ್ನೂ ಹಿಡಿಯದೆ ಹೊಳೆಯ ಮುಂದೆ ಕುಳಿತು ಒಂದು ಸಲ ಗಾಳ ಬೀಸಬೇಕು. ಈ ಗಾಡಿಯಿಂದಲೂ ಅದು ಆಗದಿದ್ದರೆ ಕೋಲುಗಳನ್ನು ಯಾರಿಗಾದರೂ ಕೊಟ್ಟು ಸುಮ್ಮನಾಗುತ್ತೇನೆ.

ಇದನ್ನು ನಿಮಗೆ ಹೇಳಲೇಬೇಕು. ಆದರೆ ಈ ಲೋಕದಲ್ಲಿ ನಿಮ್ಮ ಕಾಗದದಲ್ಲಿ ಮಾತ್ರ ನಾನು ಇನ್ನೂ ಕಾದ ತಗಡು ಹತ್ತುವ ಹೆಂಗಸು. ಅವಳನ್ನು ಹೇಗೆ ಕೆಳಗಿಳಿಸಲಿ?

*

ಬಂಜಾರ್
12 ಜುಲೈ 2024

ದಾದಾಪೀರ ಚಾಚಾ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಗಟ್ಟಿಯಾಗಿ ನಕ್ಕೆ. ಬಹಳ ದಿನವಾಗಿತ್ತು.

ಅತ್ತೆಯವರ ಎಡಗಾಲು ಪೂರ್ತಿ ಸೋತಿದೆ, ಬಲಗಾಲು ಪರವಾಗಿಲ್ಲ. ಎಲೆ ಅಡಿಕೆ ಇಲ್ಲ, ಚಹ ಮಾತ್ರ ಎಷ್ಟು ಕೊಟ್ಟರೂ ಬೇಕು. ದೇವರ ಫೋಟೋ ಕೇಳಿದವರಲ್ಲ. ಸ್ವಭಾವ ಕೇಳಿದ್ದೀರಿ. ಸಿಟ್ಟು ಜಾಸ್ತಿ. ಯಾರಾದರೂ "ಅಯ್ಯೋ ಪಾಪ" ಎಂದು ರಟ್ಟೆ ಹಿಡಿದು ಎತ್ತಲು ಬಂದರೆ ಕೈ ಕೊಡವುತ್ತಾರೆ. ಹಿಡಿಕೆ ಗಟ್ಟಿಯಾಗಿದ್ದರೆ ತಾವಾಗಿಯೇ ಏಳುತ್ತಾರೆ, ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೇ. ಆಗ ಯಾರೂ ನೋಡುತ್ತ ನಿಲ್ಲಬಾರದು.

ಕುಳಿತರೆ ಕಿಟಕಿಯಿಂದ ಹೊಳೆ ಕಾಣಬೇಕು. ನಿಂತವರ ಕಣ್ಣಿಗೆ ಸರಿಯಾಗಿ ಕಿಟಕಿ ಇಟ್ಟರೆ ಅವರಿಗೆ ಆಕಾಶ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಫೋಟೋ ಕೇಳುವುದಿಲ್ಲ. ನಿಮ್ಮ ಮೇಲೆ ನಂಬಿಕೆ ಇದೆ.

ಶೈಲಾ

*

ಲಕ್ಷ್ಮೇಶ್ವರ
3 ಸೆಪ್ಟೆಂಬರ್ 2024

ಶೈಲಾ ಮೇಡಂ ಅವರಿಗೆ ಸಲಾಂ.

ಅತ್ತೆಯವರು ನನಗೆ ಬಹಳ ಹಿಡಿಸಿದರು. ನಿಮ್ಮ ಕಾಗದವನ್ನು ಯಾಸ್ಮೀನಳಿಗೆ ಓದಿ ಹೇಳಿ, "ನೋಡು, ಹಿಂಗಿರಬೇಕು" ಎಂದೆ. ಅವರು ಏಳುವಾಗ ಯಾರೂ ನೋಡಬಾರದೆಂದು ಮಂಚಕ್ಕೊಂದು ಪರದೆ ಹಾಕಿದ್ದೇನೆ. ಒಳಗಿನಿಂದ ಎಳೆದುಕೊಳ್ಳಬಹುದು. ಕಿಟಕಿ ಕೊರೆಯುವ ಮೊದಲು ಒಂದು ಸ್ಟೂಲಿನ ಮೇಲೆ ಯಾಸ್ಮೀನಳನ್ನು ಕೂಡ್ರಿಸಿ ಕಣ್ಣಿನ ಮಟ್ಟಕ್ಕೆ ಗುರುತು ಹಾಕಿಕೊಂಡೆ. ಹಿಡಿಕೆಗಳು ಬಸ್ಸಿನ ಪೈಪಿನವೇ, ಮೇಲೆ ಅವಳು ನೂಲಿನ ಹಗ್ಗ ಬಿಗಿಯಾಗಿ ಸುತ್ತಿದ್ದಾಳೆ. ನಿಮ್ಮ ಕಡೆಯ ಚಳಿಗೂ ಕೈಗೆ ತಣ್ಣಗೆ ತಾಗುವುದಿಲ್ಲ, ಬೆವತರೂ ಜಾರುವುದಿಲ್ಲ.

ಮಂಚದ್ದೇ ದೊಡ್ಡ ಪಂಚಾಯ್ತಿ ಆಯಿತು. ನಿಮ್ಮವರು ಉತ್ತರಕ್ಕೆ ತಲೆ ಹಾಕುವುದಿಲ್ಲ, ನಾವು ಪಶ್ಚಿಮಕ್ಕೆ ಕಾಲು ಚಾಚುವುದಿಲ್ಲ. ಮನೆಯಾದರೆ ಒಮ್ಮೆ ದಿಕ್ಕು ನೋಡಿ ಮಂಚ ಹಾಕಿದರೆ ಮುಗಿಯಿತು. ಗಾಡಿ ಇವತ್ತು ನಿಂತ ದಿಕ್ಕಿಗೆ ನಾಳೆ ನಿಲ್ಲುವುದಿಲ್ಲ. ಊಟಕ್ಕೆ ಕೂತಾಗಲೂ ಇದನ್ನೇ ಯೋಚಿಸಿದೆ. ಕಡೆಗೆ ಎರಡೂ ತುದಿಗೆ ತಲೆದಿಂಬಿನ ಹಲಗೆ ಇಟ್ಟು, ದೀಪವನ್ನೂ ಎರಡೂ ಕಡೆ ಕೊಟ್ಟಿದ್ದೇನೆ. ಗಾಡಿ ಹೇಗೇ ನಿಲ್ಲಲಿ, ದಿಂಬನ್ನು ಆ ಕಡೆ ಈ ಕಡೆ ಮಾಡಿಕೊಂಡರೆ ಆಯಿತು. ಇಂಥ ಮಂಚ ಈ ಜಿಲ್ಲೆಯಲ್ಲಿ ಬೇರೆ ಇಲ್ಲ. ನನ್ನನ್ನು ನಾನೇ ಹೊಗಳಿಕೊಳ್ಳುತ್ತೇನೆಂದು ತಿಳಿಯಬೇಡಿ. ಹೊಗಳಿಕೊಳ್ಳುತ್ತಿದ್ದೇನೆ.

ಒಂದು ಕಡೆ ಮಾತ್ರ ನಿಮ್ಮ ಮಾತು ಮೀರಿದ್ದೇನೆ. ಗಾಳದ ಕೋಲಿನ ಕೊಕ್ಕೆಗಳನ್ನು ತಗ್ಗಿನಲ್ಲಿ ಹಾಕಲು ಹೇಳಿದ್ದಿರಿ. ಯಾಸ್ಮೀನ ಅದನ್ನು ಓದಿ, "ಅಬ್ಬಾ, ಮೀನ ಹಿಡಿಯೋರು ಸೊಸಿನೋ, ಅತ್ತಿನೋ?" ಎಂದು ಕೇಳಿದಳು. ನಾನು ಗದರಿಸಿದೆ. ಬರೆಯುವ ಗಡಿಬಿಡಿಯಲ್ಲಿ ನೀವು ಎಲ್ಲವನ್ನೂ ತಗ್ಗಿಗೇ ಬರೆದಿರಬೇಕು. ಕೋಲು ನಿಮ್ಮವು, ಆದ್ದರಿಂದ ಮೇಲೆ, ಛಾವಣಿಗೆ ಹತ್ತಿರ ಹಾಕಿದ್ದೇನೆ.

ಒಂದು ವಿಷಯ ತಿಳಿಸಿ. ದಾರ ಬೀಸುವಾಗ ನಿಮ್ಮ ಹಿಂದೆ ಎಷ್ಟು ಬಯಲು ಬೇಕು? ಗಿಡಗಂಟಿ ಇದ್ದರೆ ಏನು ಮಾಡುತ್ತೀರಿ? ಯಾಕೆ ಕೇಳಿದೆನೆಂದು ಕೇಳಬೇಡಿ.

ದಾದಾಪೀರ

*

ಬಂಜಾರ್
25 ಸೆಪ್ಟೆಂಬರ್ 2024

ಚಾಚಾ, ನಮಸ್ಕಾರ.

ಇಂಥ ಪ್ರಶ್ನೆ ನನ್ನನ್ನು ಯಾರೂ ಕೇಳದೆ ಬಹಳ ದಿನವಾಯಿತು.

ಬೀಸುವಾಗ ದಾರ ಮೊದಲು ಹಿಂದಕ್ಕೆ ಹೋಗುತ್ತದೆ. ಅದು ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಬೇಕು. ಹೊಸಬರು ಕಾಯುವುದಿಲ್ಲ, ಅದಕ್ಕೇ ದಾರ ಅವರ ಕೊರಳಿಗೆ ಸುತ್ತುತ್ತದೆ. ಕಾದು, ಕೋಲಿನ ತುದಿಯಲ್ಲಿ ಒಂದು ಸಣ್ಣ ಜಗ್ಗು ಬಂದಾಗ ಮುಂದಕ್ಕೆ ಬೀಸಬೇಕು. ಆಗ ಅಷ್ಟುದ್ದ ದಾರ ತಲೆಯ ಮೇಲಿಂದ ಹೋಗಿ, ಕಡೆಗೆ ನೊಣ ಒಂದೇ ನೀರಿಗೆ ತಾಗುತ್ತದೆ. ಸದ್ದೇ ಇರುವುದಿಲ್ಲ. ಹಿಂದೆ ಗಿಡಗಂಟಿ ಇದ್ದರೆ ನೊಣ ಅದಕ್ಕೇ ಸಿಕ್ಕಿ ಹರಿಯುತ್ತದೆ. ಎತ್ತರದ ಬಂಡೆಯ ಮೇಲೆ ನಿಂತರೆ ಆ ಕಾಟವಿಲ್ಲ. ನನಗೆ ಒಂದು ಬಂಡೆ ಇತ್ತು. ಅದರ ಮೇಲಿಂದ ಬೀಸಿದರೆ ಇಡೀ ಮಡು ನನ್ನದೇ ಅನಿಸುತ್ತಿತ್ತು.

ಮಂಚದ ವಿಷಯ ಓದಿ ಅತ್ತೆಯವರು ನಿಮ್ಮನ್ನು ಬಾಯಿ ತುಂಬ ಹೊಗಳಿದರು. ಕೊಕ್ಕೆಗಳ ವಿಷಯ ಆಮೇಲೆ ನೋಡೋಣ.

ಶೈಲಾ

*

ಲಕ್ಷ್ಮೇಶ್ವರ
1 ಡಿಸೆಂಬರ್ 2024

ಶೈಲಾ ಮೇಡಂ ಅವರಿಗೆ ಸಲಾಂ.

ಗುಟ್ಟು ಇಟ್ಟುಕೊಂಡು ಇಟ್ಟುಕೊಂಡು ನನ್ನ ಹೊಟ್ಟೆ ಉಬ್ಬರಿಸಿದೆ. ನೀವು ಬಂದಾಗ ತೋರಿಸಬೇಕೆಂದಿದ್ದೆ, ಆಗುತ್ತಿಲ್ಲ, ಹೇಳಿಬಿಡುತ್ತೇನೆ.

ಗಾಡಿಯ ನೆತ್ತಿಯ ಮೇಲೆ ನಿಮಗೊಂದು ಬಂಡೆ ಕಟ್ಟಿದ್ದೇನೆ. ಮೂಲೆಯಿಂದ ಮೂಲೆಗೆ ಕಬ್ಬಿಣದ ಚೌಕಟ್ಟು, ಮೇಲೆ ಸಾಗವಾನಿ ಹಲಗೆ, ಸುತ್ತ ಮೊಣಕಾಲೆತ್ತರದ ಕಟಕಟೆ. ಅಲ್ಲಿ ನಿಂತು ಬೀಸಿದರೆ ಹಿಂದೆ ಗಿಡವಿಲ್ಲ, ಗಂಟಿ ಇಲ್ಲ. ಹತ್ತಲು ಹಿಂಬದಿಗೆ ಏಣಿ. ಒದ್ದೆ ಕಾಲು ಜಾರಬಾರದೆಂದು ಅದರ ಒಂದೊಂದು ಹಲ್ಲಿಗೂ ನಾನೇ ಉಳಿಯಿಂದ ಗೀರು ಹಾಕಿದ್ದೇನೆ. ಯಾಸ್ಮೀನ ಮೆಷಿನ್ನಿನಲ್ಲಿ ಮಾಡೋಣವೆಂದಳು, ಬಿಡಲಿಲ್ಲ. ಈ ಕೈಯಿಂದ ಎಷ್ಟೋ ಟೆಂಪೋ, ಎಷ್ಟೋ ಟ್ರಾಲಿ ಕಟ್ಟಿದ್ದೇನೆ. ಉಳ್ಳಾಗಡ್ಡಿ ಹೇರುತ್ತಾರೆ, ಮೆಣಸಿನಕಾಯಿ ಹೇರುತ್ತಾರೆ, ಕಟ್ಟಿದವರನ್ನು ಯಾರು ನೆನೆಯುತ್ತಾರೆ? ಒಬ್ಬರು ಸಂತೋಷವಾಗಿ ನಿಲ್ಲಲಿ ಎಂದೇ ಕಟ್ಟಿದ್ದು ಇದೊಂದೇ.

ನಿನ್ನೆ ಮಾಗಡಿ ಕೆರೆಯ ತನಕ ಓಡಿಸಿ ನೋಡಿದೆವು. ಹಕ್ಕಿಗಳು ಬಂದಿವೆ, ಪಟ್ಟೆ ತಲೆಯ ಬಾತುಗಳು ನೀರು ಕಾಣದಷ್ಟು ಕೂತಿದ್ದವು. ಅಲ್ಲಿ ಗಾಳ ಹಾಕುವಂತಿಲ್ಲ, ನನಗೆ ಗೊತ್ತು. ದೂರದಲ್ಲೇ ನಿಲ್ಲಿಸಿ, ನಾನು ಮೇಲೆ ಹತ್ತಿ ಒಂದು ಬಿದಿರ ಕೋಲು ಹಿಡಿದು ಸುಮ್ಮನೆ ಬೀಸಿದೆ. ಹಕ್ಕಿ ನೋಡಲು ಬಂದವರು ನನ್ನ ಫೋಟೋ ತೆಗೆದುಕೊಂಡರು. "ಅಬ್ಬಾ, ಸಾಕು ಇಳೀರಿ, ನಗಾಕತ್ಯಾರ" ಎಂದು ಯಾಸ್ಮೀನ ಕೈಸನ್ನೆ ಮಾಡಿದಳು. ನಾನು ಇಳಿಯಲಿಲ್ಲ. ಅಲ್ಲಿ ನಿಂತು ನಿಮ್ಮನ್ನು ನೆನೆದೆ. ಮೇಲೆ ನೀವು ಬೀಸುತ್ತಿದ್ದೀರಿ, ಕೆಳಗೆ ಅತ್ತೆಯವರು ಕಿಟಕಿಯ ಹತ್ತಿರ ಚಹ ಕುಡಿಯುತ್ತ ಕೂತಿದ್ದಾರೆ.

ಕೆಲಸ ಮುಗಿದಿದೆ. ಯಾವಾಗ ಬರುತ್ತೀರಿ?

ದಾದಾಪೀರ

*

ಲಕ್ಷ್ಮೇಶ್ವರ
6 ಜನವರಿ 2025

ಶೈಲಾ ಮೇಡಂ ಅವರಿಗೆ ಸಲಾಂ.

ನಿಮ್ಮ ಕಾಗದವಿಲ್ಲ. ಯಾಸ್ಮೀನ ನಿಮ್ಮ ನಂಬರಿಗೆ ಎರಡು ಸಲ ಹಚ್ಚಿದಳು, ಎತ್ತಲಿಲ್ಲ. ಅತ್ತೆಯವರ ಪ್ರಕೃತಿ ಹೇಗಿದೆ? ನನ್ನ ಮನಸ್ಸಿಗೆ ಕೆಟ್ಟದ್ದೇ ತೋರುತ್ತಿದೆ. ಶುಕ್ರವಾರದ ನಮಾಜಿನಲ್ಲಿ ಅವರಿಗಾಗಿ ದುವಾ ಕೇಳಿದ್ದೇನೆ. ಗಾಡಿಯನ್ನು ದಿನಾ ಒರೆಸುತ್ತೇನೆ. ಅವರಿಗೆ ಏನೂ ಆಗದಿದ್ದರೆ, ನನ್ನ ಮೇಲೆ ಸಿಟ್ಟಿದ್ದರೆ, ಅದನ್ನಾದರೂ ಬರೆಯಿರಿ.

ದಾದಾಪೀರ

*

ಬಂಜಾರ್
14 ಜನವರಿ 2025

ಚಾಚಾ,

ನೀವು ದುವಾ ಕೇಳಿದ್ದು ನನಗಾಗಿ.

ಅತ್ತೆಯವರು ಇಲ್ಲ, ಎಂದೂ ಇರಲಿಲ್ಲ. ಎಡಗಾಲು ಸೋತದ್ದು ನನ್ನದು, ಸಿಟ್ಟು ನನ್ನದು, ಚಹ ನನ್ನದು. ನೀವು ನನ್ನನ್ನು ನೋಡಿದ ಮರುವರ್ಷ ಹೊಳೆಯಲ್ಲಿ ಬಿದ್ದೆ. ಬೆನ್ನು ಮುರಿದು ಗಾಲಿ ಕುರ್ಚಿಗೆ ಬಂದಿದ್ದೇನೆ. ಇದನ್ನು ಜುಲೈನಲ್ಲೇ ಬರೆದಿದ್ದೆ, ಅಂಚೆಗೆ ಹಾಕುವ ಧೈರ್ಯವಾಗಲಿಲ್ಲ. ಅತ್ತೆಯವರನ್ನು ನೀವೇ ಹುಟ್ಟಿಸಿದಿರಿ, ನಾನು ಅವರ ಹಿಂದೆ ಅಡಗಿ ಕೂತೆ. ನಿಮ್ಮ ಕಾಗದ ಬಂದ ದಿನ ಮನಸ್ಸಿನಲ್ಲಾದರೂ ನಾನು ಎರಡೂ ಕಾಲಿನ ಮೇಲೆ ನಿಂತಿರುತ್ತಿದ್ದೆ. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಏಣಿಯ ಹಲ್ಲುಗಳಿಗೆ ನಿಮ್ಮ ಕೈಯಿಂದ ಗೀರು ಹಾಕಿದ್ದನ್ನು ಓದಿ ಕಾಗದ ಮಡಚಿಟ್ಟೆ. ಬಹಳ ದಿನ ಅದನ್ನು ಮತ್ತೆ ತೆರೆಯಲಾಗಲಿಲ್ಲ. ಸಿಟ್ಟು ಬಂದದ್ದು ನಿಮ್ಮ ಮೇಲೆ ಅಲ್ಲ. ನನಗಾಗಿ ಯಾರೂ ಇಷ್ಟು ಚೆಂದದ್ದು ಕಟ್ಟಿರಲಿಲ್ಲ, ಅದನ್ನು ಹತ್ತಲು ನನ್ನಿಂದ ಆಗುವುದಿಲ್ಲ. ಅಷ್ಟೇ ಚಾಚಾ.

ಗಾಡಿಯನ್ನು ಮಾರಿಬಿಡಿ. ಹತ್ತಿ ನಿಲ್ಲುವ ಯಾರಾದರೂ ಕೊಳ್ಳಲಿ. ನಿಮ್ಮ ಕೆಲಸ ವ್ಯರ್ಥವಾಗಬಾರದು. ನಾನು ಕೋಲುಗಳನ್ನು ಇಲ್ಲಿಯ ಕಲಿಯುವ ಮಕ್ಕಳಿಗೆ ಕೊಡುತ್ತೇನೆ.

ಶೈಲಾ

*

ಲಕ್ಷ್ಮೇಶ್ವರ
23 ಜನವರಿ 2025

ಶೈಲವ್ವ,

ಸಲಾಂ ಗಿಲಾಂ ಆಮೇಲೆ. ನನಗೆ ಸಿಟ್ಟು ಬಂದಿದೆ.

ಕಾಲಿನ ವಿಷಯಕ್ಕಲ್ಲ. ಕಟ್ಟುವವನಿಂದ ಅಳತೆ ಮುಚ್ಚಿಟ್ಟದ್ದಕ್ಕೆ! ಇಲ್ಲದ ಮುದುಕಿಯ ಅಳತೆಗೆ ನನ್ನಿಂದ ಗಾಡಿ ಕಟ್ಟಿಸಿದಿರಿ. ಏಳು ತಿಂಗಳು ಯಾರಿಗೆ ಸಲಾಂ ಕಳಿಸಿದೆನೋ ಅವರು ಭೂಮಿಯ ಮೇಲೆ ಇಲ್ಲವೇ ಇಲ್ಲ. ಯಾಸ್ಮೀನ ಮೂರು ದಿನದಿಂದ, "ನಾ ಹೇಳಿದ್ದಿಲ್ಲೇನ್ರಿ ಅಬ್ಬಾ" ಎಂದು ನನ್ನ ಮುಖದ ಮುಂದೆ ಒದರುತ್ತಿದ್ದಾಳೆ. ಅದು ಮಾತ್ರ ನನಗೆ ಚೆನ್ನಾಗಿ ಕೇಳಿಸುತ್ತಿದೆ.

ಕೇಳಿ. ನಾನು ಕಿವುಡ. ತಗಡು ಬಡಿದು ಬಡಿದು ಹೋದ ಕಿವಿ. ಮೊದಮೊದಲು ನಾನೂ ಹೇಳುತ್ತಿರಲಿಲ್ಲ. ಗಿರಾಕಿ ಮೆತ್ತಗೆ ಏನೋ ಅಂದರೆ ತಲೆ ಅಲ್ಲಾಡಿಸುತ್ತಿದ್ದೆ. ಒಬ್ಬ ಕುರಿ ಸಾಗಿಸಲು ಜಾಲರಿ ಬಾಡಿ ಹೇಳಿದರೆ ನಾನು ಕಾಳು ಹೇರುವ ಮುಚ್ಚಿದ ಬಾಡಿ ಕಟ್ಟಿಟ್ಟೆ. ಅಂದಿನಿಂದ ಯಾರೇ ಬರಲಿ ಮೊದಲು ಅದನ್ನೇ ಹೇಳುತ್ತೇನೆ: ನನಗೆ ಕಿವಿ ಕೇಳಂಗಿಲ್ಲ, ಒದರ್ರಿ. ಒದರುತ್ತಾರೆ, ಕೆಲಸ ಸರಿಯಾಗುತ್ತದೆ. ನನಗೇನು ಕಡಿಮೆಯಾಯಿತು?

ಮಾರುವ ಮಾತನ್ನು ಇನ್ನೊಮ್ಮೆ ಎತ್ತಬೇಡಿ. ನಿಮ್ಮ ಕಾಗದ ಬಂದ ದಿನವೇ ಏಣಿ ಕೊಯ್ದು ತೆಗೆದೆವು. ಸಂಕಟವಾಗಲಿಲ್ಲವೆಂದರೆ ಸುಳ್ಳಾದೀತು. ಮೇಲಿನ ಚೌಕಟ್ಟನ್ನು ಕೆಳಗಿಳಿಸಿ ಹಿಂಬಾಗಿಲಿಗೆ ಕೂಡಿಸುತ್ತಿದ್ದೇನೆ. ಉಳ್ಳಾಗಡ್ಡಿ ಟೆಂಪೋದ ಹಿಂದಿನ ಹಲಗೆ ನೋಡಿದ್ದೀರಲ್ಲ, ಸರಪಳಿ ಬಿಟ್ಟರೆ ಅಡ್ಡ ಮಲಗುತ್ತದೆ, ಅದೇ ತರಹ. ಒಳಗಿನ ನೆಲ, ಹಲಗೆ ಎರಡೂ ಒಂದೇ ಮಟ್ಟ. ಕುರ್ಚಿ ಉರುಳಿಸಿಕೊಂಡು ಬಂದರೆ ಹೊಳೆಯ ಮೇಲೇ ಬಂದಿರುತ್ತೀರಿ. ಅಂಚಿಗೆ ಗಾಲಿ ತಡೆಯುವ ಪಟ್ಟಿ, ಎರಡು ಕಡೆ ಹಿಡಿಕೆ. ನಾನೇ ಅಲ್ಲಿ ಕುರ್ಚಿ ಹಾಕಿಕೊಂಡು ಕೂತು ಬಿದಿರು ಬೀಸಿ ನೋಡಿದೆ. ಅದು ನೆತ್ತಿಯ ತಗಡಿಗೆ ಬಡಿದು ಹೊರಳಿ, ಬಾಜೂ ಮನೆಯ ಹನಮಂತವ್ವ ಒಣಹಾಕಿದ ಸೀರೆ ಹರಿಯಿತು. ಹಾಗಾದರೆ ಹಿಂಬಾಗಿಲ ಮೇಲಿನ ತಗಡು ಮಡಚಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಕೋಲು ತಾಗುತ್ತದೆ. ಸೀರೆಯಿಂದ ಇದು ತಿಳಿಯಿತು.

ಈಗ ಖರೆ ಅಳತೆ ಕಳಿಸಿ. ಕುರ್ಚಿಯ ಅಗಲ, ಗಾಲಿಯಿಂದ ಗಾಲಿಗೆ. ಕೂತಾಗ ಮೊಣಕೈ ನೆಲದಿಂದ ಎಷ್ಟು ಎತ್ತರ. ಬಲಗಾಲಿನ ಮೇಲೆ ನಿಂತಾಗ ಯಾವ ಕೈ ಆಸರೆ ಬೇಡುತ್ತದೆ.

ಬೀಳುವ ಹೆಣ್ಣುಮಗಳಲ್ಲ ಎಂದಿದ್ದೆ. ನನ್ನ ಮಾತು ಸುಳ್ಳಾಯಿತು. ಆದರೆ ಬೆನ್ನು ಮುರಿದ ಮೇಲೂ ಕುಳಿತಲ್ಲಿಂದಲೇ ಕೋಲು ಕೈಗೆ ಸಿಗಬೇಕೆಂದು ಹಟ ಮಾಡಿ ಬರೆದವರು ನೀವು. ತಗಡು ಹತ್ತಿದ ಹೆಂಗಸಿಗಿಂತ ಈ ಹೆಂಗಸು ನನಗೆ ದೊಡ್ಡವಳಾಗಿ ಕಾಣುತ್ತಾಳೆ. ಕೊಕ್ಕೆಗಳನ್ನು ಕೆಳಗಿಳಿಸಿದ್ದೇನೆ.

ದಾದಾಪೀರ

*

ಬಂಜಾರ್
1 ಫೆಬ್ರುವರಿ 2025

ಚಾಚಾ,

ಅಳತೆಯೆಲ್ಲ ಹಿಂದಿನ ಹಾಳೆಯಲ್ಲಿದೆ. ಏನನ್ನೂ ಮುಚ್ಚಿಟ್ಟಿಲ್ಲ, ತೂಕವನ್ನೂ ಬರೆದಿದ್ದೇನೆ, ಯಾಸ್ಮೀನಳಿಗೆ ತೋರಿಸಬೇಡಿ. ಆಸರೆ ಬೇಡುವುದು ಎಡಗೈ.

ಕೋಲುಗಳನ್ನು ಅಟ್ಟದಿಂದ ಇಳಿಸಿ ಎಂದು ಇಲ್ಲಿಯವರಿಗೆ ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗದರಿದ ಮೇಲೆ ಇಳಿಸಿದರು. ತಿಂಗಳು ಮುಗಿಯುವುದರೊಳಗೆ ಗದಗ ಸ್ಟೇಷನ್ನಿಗೆ ಬರುತ್ತೇನೆ. ಭಯವಾಗುತ್ತಿದೆ. ಆದರೂ ಬರುತ್ತೇನೆ.

ಶೈಲಾ

*

ತುಂಗಭದ್ರೆಯ ದಂಡೆ, ಮುಂಡರಗಿ ತಾಲೂಕು
22 ಫೆಬ್ರುವರಿ 2025

ಪ್ರೀತಿಯ ಚಾಚಾ,

ಹೊಳೆಗೆ ಬನ್ನಿ ಎಂದು ಎಷ್ಟು ಕರೆದರೂ ನೀವು ಬರಲಿಲ್ಲ. "ನಾ ಬಂದ್ರ ನೀವು ಗಾಡಿ ಹೊಗಳ್ಕೋತ ಕುಂಡ್ರತೀರಿ. ಮೀನ ಹಿಡೀರಿ, ಆಮ್ಯಾಲ ಬರೀರಿ" ಎಂದು ಗಾಡಿ ಓಡಿಸಲು ಯಾಸ್ಮೀನಳನ್ನು ಕಳಿಸಿ ಶೆಡ್ಡಿನ ಬಾಗಿಲಲ್ಲೇ ನಿಂತಿರಿ. ಆದ್ದರಿಂದ ಗಾಡಿಯ ವಿಷಯ ಮೊದಲು ಬರೆದು ಮುಗಿಸುತ್ತೇನೆ. ಮುಟ್ಟಿದ ಕಡೆಯೆಲ್ಲ ನನ್ನ ಕೈಗೆ ಬೇಕಾದದ್ದು ಸಿಗುತ್ತದೆ. ಇಷ್ಟು ದಿನ ಎಲ್ಲ ಮನೆಗಳಲ್ಲೂ ನಾನೇ ಹೊಂದಿಕೊಳ್ಳಬೇಕಾಗಿತ್ತು. ಇದು ನನಗೆ ಹೊಂದಿಕೊಂಡಿದೆ. ನಿನ್ನೆ ಇಲ್ಲಿ ಬಂದು ಮಲಗಿದಾಗ ಸಂತೋಷಕ್ಕೆ ಅತ್ತುಬಿಟ್ಟೆ. ಸಾಕು, ಇನ್ನು ಹೊಗಳುವುದಿಲ್ಲ.

ಇಲಾಖೆಯ ಪರವಾನಗಿ ಮೊದಲೇ ತರಿಸಿಕೊಂಡಿದ್ದೆ. ಇವತ್ತು ಬೆಳಿಗ್ಗೆ ಯಾಸ್ಮೀನ ಗಾಡಿಯ ಹಿಂಬದಿಯನ್ನು ನೀರಿಗೆ ಮುಖ ಮಾಡಿ ನಿಲ್ಲಿಸಿ, ಸರಪಳಿ ಬಿಟ್ಟು ಹಲಗೆ ಇಳಿಸಿದಳು. "ನೀ ಅತ್ಲಾಗ ಹೋಗವಾ" ಎಂದೆ. ಅವಳು ದೂರದ ಬೇವಿನ ಮರದ ಕೆಳಗೆ ಹೋಗಿ, ಈ ಕಡೆ ಬೆನ್ನು ಮಾಡಿ ಕೂತಳು. ಕೊಕ್ಕೆಯಿಂದ ಕೋಲು ತೆಗೆದುಕೊಂಡು ಕುರ್ಚಿ ಉರುಳಿಸಿಕೊಂಡು ಹಲಗೆಯ ಮೇಲೆ ಬಂದೆ. ಕೆಳಗೇ ನೀರು. ನನ್ನನ್ನು ಯಾರೂ ಎತ್ತಿರಲಿಲ್ಲ.

ಮೊದಲು ಬೀಸಿದ್ದೆಲ್ಲ ಕೆಟ್ಟಿತು. ತೋಳಿಗೆ ಅಭ್ಯಾಸ ತಪ್ಪಿದೆ. ನಿಂತು ಬೀಸುವಾಗ ಸೊಂಟ ಮಾಡುತ್ತಿದ್ದ ಕೆಲಸವನ್ನು ಈಗ ಭುಜವೇ ಮಾಡಬೇಕು. ದಾರ ನನ್ನ ಕೊರಳಿಗೇ ಸುತ್ತಿತು. ಹೊಸಬರ ಹಾಗೆ ನಾನೂ ಕಾಯುತ್ತಿರಲಿಲ್ಲ. ಕೋಲು ತೊಡೆಯ ಮೇಲಿಟ್ಟು ಒಂದು ಚಹ ಮಾಡಿಕೊಂಡು ಕುಡಿದೆ. ಆಮೇಲೆ ನಿಧಾನವಾಗಿ ಹಿಂದಕ್ಕೆ ಬೀಸಿ, ಕಾದೆ. ಕೋಲಿನ ತುದಿ ಜಗ್ಗಿತು. ಮುಂದಕ್ಕೆ ಬಿಟ್ಟೆ. ದಾರ ತಲೆಯ ಮೇಲಿಂದ ಹೋಗಿ ಎಲ್ಲಿ ಬೇಕೋ ಅಲ್ಲಿ ಇಳಿಯಿತು. ಚಾಚಾ, ಮೀನು ಬಂದಿರದಿದ್ದರೂ ನನಗೆ ಅಷ್ಟೇ ಸಾಕಾಗಿತ್ತು.

ಮೀನೂ ಬಂತು. ಮಧ್ಯಾಹ್ನದ ಹೊತ್ತಿಗೆ ನೀರು ಒಡೆದು ನೊಣವನ್ನು ಎಳೆದುಕೊಂಡು ಹೋಯಿತು. ಒಂದು ಕೈಯಲ್ಲಿ ಹಿಡಿಕೆ, ಒಂದು ಕೈಯಲ್ಲಿ ಕೋಲು. ಹಲಗೆ ಕದಲಲಿಲ್ಲ, ನಾನೂ ಕದಲಲಿಲ್ಲ. ಬಲೆಗೆ ಎತ್ತಿ ನೋಡಿದೆ. ಬೆಳ್ಳಗೆ ಹೊಳೆಯುವ ಮೀನು, ನನ್ನ ಮೊಣಕೈಯಷ್ಟು ಉದ್ದ. ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ, ಬಲೆಯನ್ನು ನೀರಿಗಿಳಿಸಿ ಬಿಟ್ಟುಬಿಟ್ಟೆ. ನಾವು ಈ ಗಾಳದವರು ಹಾಗೆಯೇ ಬಿಡುತ್ತೇವೆ.

ಅಲ್ಲೇ ಕೆಳಗೆ ಒಬ್ಬಳು ಹೆಂಗಸು ಕೌದಿ ಒಗೆಯುತ್ತಿದ್ದಳು. ಹೆಸರು ಕಳಕವ್ವ ಎಂದು ಆಮೇಲೆ ತಿಳಿಯಿತು. ಒಗೆಯುವುದನ್ನು ಬಿಟ್ಟು ಸೊಂಟಕ್ಕೆ ಕೈ ಇಟ್ಟುಕೊಂಡು ಹಲಗೆಯ ಹತ್ತಿರವೇ ಬಂದಳು. ಕುರ್ಚಿ ನೋಡಿದಳು, ಕಾಲು ನೋಡಿದಳು.

"ಕಾಲಿಗೇನಾತ ಯವ್ವಾ?" ಎಂದು ಕೇಳಿದಳು.

ಇಲ್ಲಿಯವರೆಗೆ ಈ ಪ್ರಶ್ನೆಗೆ ನಾನು ಬಾಯಿಬಿಟ್ಟು ಉತ್ತರ ಕೊಟ್ಟವಳಲ್ಲ. ಬೇರೆ ಯಾರೋ ನನ್ನ ಪರವಾಗಿ ಮೆಲ್ಲಗೆ ಹೇಳುತ್ತಿದ್ದರು. ಗುರುತಿಲ್ಲದ ಆ ಹೆಂಗಸಿಗೆ, "ಹೊಳ್ಯಾಗ ಬಿದ್ದು ಬೆನ್ನ ಮುರೀತು. ಕಾಲಾಗ ಶಕ್ತಿ ಇಲ್ಲ, ನಡ್ಯಾಕ ಬರಂಗಿಲ್ಲ" ಎಂದು ನಾನೇ ಗಟ್ಟಿಯಾಗಿ ಹೇಳಿದೆ. ಹೇಳಿ, ಅವಳು "ಅಯ್ಯೋ" ಅನ್ನುವುದನ್ನು ಕಾಯುತ್ತ ಕೂತೆ.

"ಹೂಂ. ಅದಿರ್ಲಿ" ಎಂದಳು ಕಳಕವ್ವ. "ಅಂಥಾ ಮೀನ ಹಿಡದು ಹೊಳಿಗೆ ಯಾಕ ಬಿಟ್ಟಿ? ತಲಿ ನೆಟ್ಟಗ ಐತೇನ ನಿಂದು?"

ಕಾಲಿನ ಬಗ್ಗೆ ಅವಳು ಮತ್ತೆ ಒಂದು ಮಾತೂ ಆಡಲಿಲ್ಲ. ಕೌದಿ ಒಗೆದು, ಹಿಂಡಿ, ಕಲ್ಲಿನ ಮೇಲೆ ಹರವಿ, ಅದು ಆರುವ ತನಕ ಆ ಮೀನಿಗಾಗಿ ನನ್ನನ್ನು ಬೈದಳು. ಇಷ್ಟು ಚೆನ್ನಾಗಿ ಬೈಸಿಕೊಂಡು ನನಗೆ ಎಷ್ಟು ಕಾಲವಾಗಿತ್ತೋ! ನಾಳೆಯೂ ಇಲ್ಲೇ ಇರುತ್ತೇನೆಂದು ಹೇಳಿದ್ದೇನೆ. ಅವಳು ಬುಟ್ಟಿ ತೆಗೆದುಕೊಂಡು ಬರುತ್ತಾಳಂತೆ.

ನಿಮ್ಮ
ಶೈಲವ್ವ